ಒಳ್ಳೆಯ ಹುಡುಗ, ಒಳ್ಳೆಯ ಫಿಟ್ಟರ್

ಇದನ್ನು ಬರೆಯಬೇಕೋ ಬೇಡವೋ ಅಂತ ತುಂಬ ದಿನ ಯೋಚಿಸಿದೆ. ಇದೇ ಥರದ ನಾಲ್ಕನೇ ಹುಡುಗ ಬಂದು ನನ್ನ ಮುಂದೆ ಕುಳಿತಾಗ, ಇನ್ನು ಸುಮ್ನೆ ಇರಬಾರದು ಅನ್ನಿಸಿತು. ಇಲ್ಲಿ ಹೇಳುತ್ತಿರುವುದು ಆ ನಾಲ್ವರಲ್ಲಿ ಮೊದಲನೆಯವನ ಕಥೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹೆಸರನ್ನಂತೂ ಇಟ್ಟೇ ಇಲ್ಲ. ಸುಳ್ಳು ಹೆಸರು ಕೊಟ್ಟರೆ ಬೇರೆ ಯಾರದೋ ಕಥೆ ಹೇಳಿದ ಹಾಗೆ ನನಗೆ ಮುಜುಗರ ಆಗುತ್ತದೆ.

ಚರ್ಚ್ ನಡೆಸುವ ಒಂದು ವೃತ್ತಿ ತರಬೇತಿ ಶಾಲೆಗೆ ವಾರಕ್ಕೆ ಎರಡು ದಿನ ಆಪ್ತ ಸಮಾಲೋಚಕಿಯಾಗಿ ಹೋಗುತ್ತೇನೆ. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್, ಮರಗೆಲಸ, ಎಲ್ಲ ಇದೆ. ಹಾಸ್ಟೆಲ್ ಅಲ್ಲೇ. ತುಂಬ ಹುಡುಗರಿಗೆ ಫೀಸೇ ಇಲ್ಲ. ನನ್ನ ಸಂಬಳವೂ ಅಲ್ಲಿಂದಲೇ ಬರುತ್ತದೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಹೇಳುವ ಮಾತುಗಳನ್ನು ಇದನ್ನು ನೆನಪಿಟ್ಟುಕೊಂಡೇ ಓದಿ.

ಹುಡುಗ ಎರಡನೇ ವರ್ಷದ ಫಿಟ್ಟರ್, ಅಂದರೆ ಲೋಹದ ತುಂಡುಗಳನ್ನು ಅಳತೆಗೆ ಸರಿಯಾಗಿ ಉಜ್ಜಿ ಕೂರಿಸುವ ಕೆಲಸ ಕಲಿಯುವವನು. ವಯಸ್ಸು 18. ತಂದೆ ಇಲ್ಲ. ಊರಿನ ಚರ್ಚಿನ ಫಾದರ್ ಕೊಟ್ಟ ಪತ್ರ ಹಿಡಿದು ತಾಯಿ ಕರೆದುಕೊಂಡು ಬಂದು ಸೇರಿಸಿದ್ದರು. ಮನೆಯ ಬಗ್ಗೆ ಇಷ್ಟು ಸಾಕು.

ಅವನನ್ನು ನನ್ನ ಹತ್ತಿರ ಕಳಿಸಿದ್ದು ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್. "ಜಾಬ್ ಹಾಳು ಮಾಡ್ತಾನೆ ಮೇಡಂ. ಫೈಲಿಂಗೇ ಬರಲ್ಲ. ಏನಪ್ಪಾ ಅಂತ ಕೇಳಿದ್ರೆ ಕಣ್ಣಲ್ಲಿ ನೀರು." ಜಾಬ್ ಅಂದರೆ ಅಭ್ಯಾಸಕ್ಕೆ ಕೊಟ್ಟ ಲೋಹದ ತುಂಡು, ಫೈಲಿಂಗ್ ಅಂದರೆ ಅದನ್ನು ಅರದಿಂದ ಉಜ್ಜಿ ಸಮ ಮಾಡುವುದು. ಅದೇ ದಿನ ಹಾಸ್ಟೆಲ್ ನೋಡಿಕೊಳ್ಳುವ ಫಾದರ್ ಕೂಡ ಒಂದು ಚೀಟಿ ಕಳಿಸಿದ್ದರು. ಅದರಲ್ಲಿ ಒಂದೇ ಸಾಲು, "ತುಂಬ ಒಳ್ಳೆಯ ಹುಡುಗ, ಸ್ವಲ್ಪ ಮಾತಾಡಿಸಿ." ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದ್ದರೆ ಅವತ್ತೇ ಅರ್ಥ ಆಗುತ್ತಿತ್ತು. ನಾನು ಓದಲಿಲ್ಲ.

ಮೊದಲ ಎರಡು ಭೇಟಿ ನಾನು ತಪ್ಪು ಜಾಗದಲ್ಲಿ ಅಗೆದೆ. ತಂದೆ ಇಲ್ಲ ಅಂದ ಕೂಡಲೇ ನಮ್ಮಂಥವರ ಕಿವಿ ಆ ಕಡೆಗೇ ತಿರುಗುತ್ತದೆ, ನೋಡಿ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಮನೆ ನೆನಪಾಗುತ್ತಾ, ಯಾರಾದರೂ ಹೊಡೀತಾರಾ, ಎಲ್ಲ ಕೇಳಿದೆ. ಎಲ್ಲಕ್ಕೂ ಅವನದು ಒಂದೇ ಉತ್ತರ, "ಚೆನ್ನಾಗಿದ್ದೀನಿ ಮೇಡಂ." ನಿದ್ದೆ ಮಾತ್ರ ಸ್ವಲ್ಪ ಕಮ್ಮಿ ಅಂದ, ಬೆಳಗಿನ ಗಂಟೆ ಹೊಡೆಯುವವನು ಅವನೇ ಅಂತೆ, ಎಲ್ಲರಿಗಿಂತ ಅರ್ಧ ಗಂಟೆ ಮುಂಚೆ ಏಳಬೇಕಂತೆ. ಅದನ್ನೂ ಬರೆದುಕೊಂಡು ಮುಂದೆ ಹೋದೆ.

ಮೂರನೇ ಸಲ ಅವನು ಬಂದಾಗ ನನಗೆ ಕೇಳಲು ಪ್ರಶ್ನೆ ಉಳಿದಿರಲಿಲ್ಲ. "ನೀನು ಹಾಳು ಮಾಡಿದ್ದನ್ನು ತಂದು ತೋರಿಸು, ನನಗೆ ಏನೂ ಗೊತ್ತಿಲ್ಲ, ನೀನೇ ಹೇಳಿಕೊಡು" ಅಂದೆ. ಅವನಿಗೆ ಆಶ್ಚರ್ಯ. ಹೋಗಿ ಅಂಗೈಯಗಲದ ಒಂದು ಕಬ್ಬಿಣದ ತುಂಡು ಮತ್ತು ಟ್ರೈ ಸ್ಕ್ವೇರ್ (ಅಂಚು, ಮೂಲೆ ನೇರ ಇದೆಯಾ ಅಂತ ನೋಡುವ ಮೂಲೆಮಟ್ಟ) ತಂದ. ಕಿಟಕಿಯ ಹತ್ತಿರ ಹೋಗಿ, ತುಂಡಿನ ಮೇಲೆ ಟ್ರೈ ಸ್ಕ್ವೇರ್ ಇಟ್ಟು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದ.

"ಬೆಳಕು ಬರ್ತಾ ಇದೆ ನೋಡಿ ಮೇಡಂ. ಎರಡೂ ತುದೀಲಿ. ಮಧ್ಯೆ ಮಾತ್ರ ತಾಗ್ತಾ ಇದೆ."

ನೋಡಿದೆ. ಕೂದಲೆಳೆಯಷ್ಟು ಬೆಳಕು. ಅಷ್ಟಕ್ಕೆ ಜಾಬ್ ಹಾಳಾಯಿತಾ ಅಂತ ಕೇಳಿದರೆ ನಕ್ಕ. ಅವನು ನಕ್ಕದ್ದು ಅದೇ ಮೊದಲು. ವರ್ನಿಯರ್ ಕ್ಯಾಲಿಪರ್‌ನಲ್ಲಿ 0.02 ಮಿಲಿಮೀಟರ್‌ವರೆಗೆ ಅಳೆಯುತ್ತಾರಂತೆ, ಕೂದಲಂದರೆ ಅದರ ಮೂರು ನಾಲ್ಕು ಪಟ್ಟು ದಪ್ಪ ಅಂತೆ. ಎರಡು ತುಂಡುಗಳನ್ನು ಒಂದರೊಳಗೊಂದು ಕೂರಿಸುವ ಪರೀಕ್ಷೆಯ ಜಾಬ್‌ನಲ್ಲಿ ಇಷ್ಟು ಸಂದು ಬಿಟ್ಟರೆ ಮುಗೀತಂತೆ. ಆಮೇಲೆ ನನ್ನ ಮೇಜಿನ ಅಂಚನ್ನೇ ತುಂಡು ಕಚ್ಚಿ ಹಿಡಿಯುವ ವೈಸ್ ಅಂತ ಮಾಡಿಕೊಂಡು, ಸ್ಕೇಲನ್ನೇ ಫೈಲ್, ಅಂದರೆ ಅರ, ಅಂತ ಹಿಡಿದು ತೋರಿಸಿದ. ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ಬರುವಾಗ ಒತ್ತಬಾರದು. ಶುರುವಿನಲ್ಲಿ ಎಡಗೈ ಭಾರ ಜಾಸ್ತಿ, ಫೈಲ್ ಮುಂದೆ ಹೋದ ಹಾಗೆ ಅದು ಕಮ್ಮಿ ಆಗಿ ಬಲಗೈ ಭಾರ ಏರಬೇಕು. ಇದು ತಪ್ಪಿದರೆ ಫೈಲ್ ತಕ್ಕಡಿಯ ಹಾಗೆ ಓಲಾಡುತ್ತದೆ, ಅಂಚು ಸವೆದು ಮಧ್ಯೆ ಉಬ್ಬು ಉಳಿಯುತ್ತದೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದ. ಫೈಲಿಂಗೇ ಬರಲ್ಲ ಅಂತ ಹೇಳಿಸಿಕೊಂಡ ಹುಡುಗ ಇವನು.

"ಇಷ್ಟೆಲ್ಲ ಗೊತ್ತಲ್ಲ, ಮತ್ತೆ ಉಬ್ಬು ಯಾಕೆ ಬಂತು?"

"ತಲೆಗೆ ಗೊತ್ತು ಮೇಡಂ. ಕೈ ಪಳಗಿಲ್ಲ."

"ಉಳಿದವರಿಗೆ ಪಳಗಿದೆಯಾ?"

"ಅವರು ದಿನಾ ನಿಲ್ತಾರೆ."

"ನೀನು?"

ಅವನು ಟ್ರೈ ಸ್ಕ್ವೇರನ್ನು ಬಟ್ಟೆಯಿಂದ ಒರೆಸಿದ. ಮತ್ತೆ ಒರೆಸಿದ. ಆಮೇಲೆ ಹೇಳಿದ, ನನ್ನ ಕಡೆ ನೋಡದೆ: "ನಾನು ಒಳ್ಳೆ ಹುಡುಗ ಅಂತ ಇಲ್ಲಿ ಎಲ್ಲರೂ ಹೇಳ್ತಾರೆ ಮೇಡಂ. ಒಳ್ಳೆ ಫಿಟ್ಟರ್ ಅಂತ ಯಾರೂ ಹೇಳಲ್ಲ."

ನನ್ನ ಪೆನ್ನು ಅಲ್ಲಿಗೇ ನಿಂತಿತು.

ಉಳಿದ ಹೊತ್ತಿನಲ್ಲಿ ನಾವು ಮಾಡಿದ್ದು ಬರೀ ಲೆಕ್ಕ. ಹಿಂದಿನ ವಾರವನ್ನು ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆದೆವು. ಟೈಮ್‌ಟೇಬಲ್ ಪ್ರಕಾರ ವರ್ಕ್‌ಶಾಪ್ 24 ಗಂಟೆ. ಇವನು ಬೆಂಚಿನ ಮುಂದೆ ನಿಂತದ್ದು 13. ಮಿಕ್ಕ 11 ಎಲ್ಲಿ ಹೋಯಿತು? ಸಭೆಗೆ ಹಾಲ್‌ನಲ್ಲಿ ಕುರ್ಚಿ ಹಾಕಿ, ಮೈಕ್ ಕಟ್ಟಿ, ಮತ್ತೆ ತೆಗೆದು ಇಟ್ಟದ್ದಕ್ಕೆ 4. ಆಫೀಸಿನಿಂದ ಅಲ್ಲಿ ಇಲ್ಲಿ ಓಡಾಡಿದ್ದಕ್ಕೆ 3. ನೋಡಲು ಬಂದ ಅತಿಥಿಗಳಿಗೆ ಶಾಲೆ ಸುತ್ತಾಡಿಸಿದ್ದಕ್ಕೆ 2. ಯಾರದೋ ಸ್ಕೂಟರ್, ಯಾವುದೋ ಬಾಗಿಲ ಚಿಲಕ ರಿಪೇರಿಗೆ 2. ಅತಿಥಿಗಳಿಗೆ ಇವನು ವರ್ಕ್‌ಶಾಪ್ ತೋರಿಸುತ್ತಿದ್ದಾಗ ವರ್ಕ್‌ಶಾಪ್‌ನಲ್ಲಿ ಇವನ ಬೆಂಚೇ ಖಾಲಿ ಇತ್ತು, ಇದನ್ನು ನೆನೆಸಿಕೊಂಡರೆ ಈಗಲೂ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ಯಾರೂ ಇವನಿಗೆ ಜೋರು ಮಾಡಿರಲಿಲ್ಲ. "ನೀನಾದ್ರೆ ನಂಬಿಕೆ ಮಗಾ" ಅಂತ ಪ್ರೀತಿಯಿಂದಲೇ ಕರೆದಿದ್ದರು. ಫಾದರ್ ಕೇಳಿದ್ದು ಒಂದು, ಬ್ರದರ್ ಕೇಳಿದ್ದು ಒಂದು, ಆಫೀಸಿನವರು ಕೇಳಿದ್ದು ಒಂದು. ಪ್ರತಿಯೊಬ್ಬರ ಮಟ್ಟಿಗೆ ಅದು ಹತ್ತು ನಿಮಿಷದ ಕೆಲಸ. ಕೂಡಿಸಿ ನೋಡಿದವನು ಯಾರೂ ಇಲ್ಲ. ಇವನಿಗೆ ಇಲ್ಲ ಅನ್ನಲು ಬಾಯಿ ಬಾರದು. "ಫ್ರೀ ಸೀಟು ಮೇಡಂ, ಹೇಗೆ ಇಲ್ಲ ಅನ್ನಲಿ?" ಅಂದ. ಅಳು ಬಂದದ್ದು ಫೈಲಿಂಗ್ ಬರದೆ ಇದ್ದದ್ದಕ್ಕಲ್ಲ, ಯಾಕೆ ಬರುತ್ತಿಲ್ಲ ಅಂತ ಇನ್‌ಸ್ಟ್ರಕ್ಟರ್‌ಗೆ ಹೇಳಿದರೆ ಚಾಡಿ ಆಗುತ್ತದೆ ಅಂತ.

ಅವನಿಗೆ ನಾನು ಕೊಟ್ಟ ಸಲಹೆ ದೊಡ್ಡದೇನೂ ಅಲ್ಲ. ಇಲ್ಲ ಅನ್ನಬೇಡ, ಹೊತ್ತು ಹೇಳು ಅಂದೆ. "ವರ್ಕ್‌ಶಾಪ್ ಮುಗಿದ ಮೇಲೆ ಬರ್ತೀನಿ ಫಾದರ್", ಇಷ್ಟೇ ವಾಕ್ಯ. ಇದನ್ನು ನನ್ನ ಮುಂದೆಯೇ ಏಳೆಂಟು ಸಲ ಹೇಳಿಸಿದೆ, ಮೊದಲ ಮೂರು ಸಲ "ಫಾದರ್" ಅನ್ನುವಾಗ ಧ್ವನಿಯೇ ಹೊರಡಲಿಲ್ಲ. ಎರಡನೆಯದು, ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡು ಬೆಂಚಿನ ಮುಂದೆ ನಿಂತ ಗಂಟೆಯನ್ನು ದಿನಾ ಬರೆಯಬೇಕು, ಬೇರೆ ಕೆಲಸದ್ದನ್ನು ಬರೆಯುವುದು ಬೇಡ. ಯಾರ ಮೇಲೂ ದೂರಿನ ಪಟ್ಟಿ ಆಗಬಾರದು ಅಂತ ಹಾಗೆ ಹೇಳಿದ್ದು. ಇನ್‌ಸ್ಟ್ರಕ್ಟರ್‌ಗೆ ಹೋಗಿ "ಸರ್, ನನಗೆ ಗಂಟೆ ಸಾಲ್ತಿಲ್ಲ" ಅಂತ ಅವನೇ ಹೇಳಬೇಕು, ನಾನು ಹೇಳುವುದಿಲ್ಲ ಅಂತಲೂ ಅಂದೆ. ಅದಕ್ಕೆ ಅವನು ಹತ್ತು ದಿನ ತೆಗೆದುಕೊಂಡ.

ಆದರೆ ಹುಡುಗನಿಗೆ ಮಾತ್ರ ಸಲಹೆ ಕೊಟ್ಟು ಕೈ ತೊಳೆದುಕೊಂಡರೆ ಅದು ಹೇಡಿತನ ಅನ್ನಿಸಿತು. ಅವನ ಒಪ್ಪಿಗೆ ಕೇಳಿ, ಹೆಸರು ಹೇಳದೆ, ಶಾಲೆಯ ಮುಖ್ಯಸ್ಥ ಫಾದರ್ ಹತ್ತಿರ ಹೋದೆ. ಹೆಸರು ಹೇಳದಿದ್ದರೂ ಅವರಿಗೆ ಗೊತ್ತಾಯಿತು, ಒಳ್ಳೆಯ ಹುಡುಗರು ಅಲ್ಲಿ ಎಷ್ಟು ಜನ ಇರುತ್ತಾರೆ? ಅವರು ಓದಿಕೊಂಡವರು, ನಗುತ್ತಲೇ ಸಂತ ಬೆನೆಡಿಕ್ಟನ ನಿಯಮಾವಳಿ ತೆಗೆದರು. ಕ್ರೈಸ್ತ ಮಠದ ಸನ್ಯಾಸಿಗಳು ಹೇಗೆ ಬದುಕಬೇಕು ಅಂತ 6ನೇ ಶತಮಾನದಲ್ಲಿ ಬರೆದದ್ದು. ಅದರ 57ನೇ ಅಧ್ಯಾಯ ಮಠದ ಕುಶಲಕರ್ಮಿಗಳ ಬಗ್ಗೆ: ಕೆಲಸವನ್ನು ವಿನಯದಿಂದ ಮಾಡಲಿ, ನನ್ನ ಕೈಚಳಕದಿಂದಲೇ ಮಠಕ್ಕೆ ಲಾಭ ಅಂತ ಬೀಗುವವನನ್ನು ಆ ಕೆಲಸದಿಂದ ತೆಗೆಯಿರಿ. "ನಾವು ಬರೀ ಫಿಟ್ಟರ್ ತಯಾರು ಮಾಡಲ್ಲ, ಮನುಷ್ಯರನ್ನು ತಯಾರು ಮಾಡ್ತೀವಿ. ಕುರ್ಚಿ ಹಾಕೋದೂ ಪಾಠವೇ" ಅಂದರು.

ಇದು ಸುಳ್ಳು ಮಾತಲ್ಲ. ಅದನ್ನು ಒಪ್ಪಿಕೊಂಡೇ ಹೇಳಿದೆ: ಬೀಗುವುದಕ್ಕಾದರೂ ಮೊದಲು ಕೈಚಳಕ ಬರಬೇಕಲ್ಲ ಫಾದರ್? ಅದೇ ನಿಯಮಾವಳಿಯ 31ನೇ ಅಧ್ಯಾಯದಲ್ಲಿ ಮಠದ ಪಾತ್ರೆ ಸಾಮಾನುಗಳನ್ನೆಲ್ಲ ಪೂಜೆಯ ಪೀಠದ ಪಾತ್ರೆಗಳ ಹಾಗೆ ಕಾಣಬೇಕು ಅಂತ ಇದೆ. ಫೈಲನ್ನು ಹಾಗೆ ಕಾಣುವುದಾದರೆ, ಪ್ರಾರ್ಥನೆಯ ಮಧ್ಯೆ ಇರುವವನನ್ನು ಹೇಗೆ ಕರೆಯುವುದಿಲ್ಲವೋ, ಫೈಲ್ ಹಿಡಿದು ನಿಂತ ಹುಡುಗನನ್ನೂ ಹಾಗೆಯೇ ಬಿಟ್ಟುಬಿಡಬೇಕು.

ಆಮೇಲೆ ಡಾನ್ ಬೋಸ್ಕೋ ಮಾತು ತೆಗೆದೆ, ಬಡ ಹುಡುಗರಿಗೆ ಕಸುಬು ಕಲಿಸಿದ 19ನೇ ಶತಮಾನದ ಇಟಲಿಯ ಪಾದ್ರಿ. ಇಂಥ ಶಾಲೆಗಳ ಗೋಡೆಯ ಮೇಲೆ ಅವರ ಪಟ ಇದ್ದೇ ಇರುತ್ತದೆ. ಟ್ಯೂರಿನ್‌ನಲ್ಲಿ 1853ರಲ್ಲಿ ಚಮ್ಮಾರಿಕೆ ಮತ್ತು ದರ್ಜಿ ಕೆಲಸದಿಂದ ತಮ್ಮದೇ ವರ್ಕ್‌ಶಾಪ್ ಶುರು ಮಾಡಿದರು, ಅದು ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ಅವರು ಹುಡುಗರನ್ನು ಊರಿನ ಮೇಸ್ತ್ರಿಗಳ ಹತ್ತಿರ ಕೆಲಸ ಕಲಿಯಲು ಕಳಿಸುತ್ತಿದ್ದರು, ಆದರೆ ಸುಮ್ನೆ ಕಳಿಸುತ್ತಿರಲಿಲ್ಲ, ಬರಹದಲ್ಲಿ ಒಪ್ಪಂದ ಮಾಡಿಸಿ ತಾವೂ ಸಹಿ ಹಾಕುತ್ತಿದ್ದರು. 1852ರದ್ದೊಂದು ಇದೆ, ಬಡಗಿ ಕೆಲಸ ಕಲಿಯುವ ಹುಡುಗನದ್ದು. ತಪ್ಪು ಮಾಡಿದರೆ ಮಾತಿನಲ್ಲಿ ಮಾತ್ರ ತಿದ್ದಬೇಕು. ಹಬ್ಬದ ದಿನಗಳು ಪೂರ್ತಿ ಹುಡುಗನವು. ಕಲಿಯುತ್ತಿರುವ ಕಸುಬಿಗೆ ಸಂಬಂಧ ಇಲ್ಲದ ಕೆಲಸಕ್ಕೆ ಅವನನ್ನು ಬಳಸಬಾರದು. ಆ ಒಪ್ಪಂದದಲ್ಲಿ ಕಟ್ಟುಬಿದ್ದವನು ಮೇಸ್ತ್ರಿ, ಕಾವಲು ನಿಂತವರು ಪಾದ್ರಿ. "ಇಲ್ಲಿ ಮೇಸ್ತ್ರಿಯೂ ನೀವೇ, ಪಾದ್ರಿಯೂ ನೀವೇ ಫಾದರ್. ಹುಡುಗನ ಪರವಾಗಿ ಸಹಿ ಹಾಕೋರು ಯಾರು?" ಅಂದೆ.

ಅವರು ತಕ್ಷಣ ಏನೂ ಹೇಳಲಿಲ್ಲ. ಎರಡು ವಾರದ ನಂತರ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ: ವರ್ಕ್‌ಶಾಪ್ ಅವಧಿಯಲ್ಲಿ ವಿದ್ಯಾರ್ಥಿಗಳನ್ನು ಹೊರಗೆ ಕರೆಯುವುದಾದರೆ ಇನ್‌ಸ್ಟ್ರಕ್ಟರ್ ಸಹಿ ಬೇಕು. ಇಷ್ಟು ಆದದ್ದು ಅವರ ದೊಡ್ಡತನ.

ನನ್ನ ಮೇಲೆ ಬೇಸರ ಮಾಡಿಕೊಂಡವರೂ ಇದ್ದಾರೆ. "ಉಂಡ ಮನೆಗೆ ಎರಡು ಬಗೆಯೋದನ್ನ ಕಲಿಸ್ತೀರಾ?" ಅಂತ ಒಬ್ಬರು ಕೇಳಿದರು. ಈ ಮಾತಿಗೆ ನನ್ನ ಉತ್ತರ ಇವತ್ತಿಗೂ ಅದೇ. ಆ ಸೀಟಿಗೆ ದುಡ್ಡು ಕೊಟ್ಟವರು ಯಾರೇ ಇರಲಿ, ಕೊಟ್ಟದ್ದು ಒಬ್ಬ ಹುಡುಗ ಕಸುಬು ಕಲಿಯಲಿ ಅಂತ. ಅವನ ಕಲಿಕೆಯ ಗಂಟೆಯನ್ನೇ ಋಣಕ್ಕೆ ವಜಾ ಹಾಕಿಕೊಂಡರೆ ಕೊಟ್ಟವರಿಗೂ ಮೋಸ, ಹುಡುಗನಿಗೂ ಮೋಸ. ಉಪಕಾರ ನೆನೆಯಲು ಅವನಿಗೆ ಇಡೀ ಜೀವನ ಇದೆ. ಕೈ ಪಳಗಿಸಿಕೊಳ್ಳಲು ಇರುವುದು ಎರಡೇ ವರ್ಷ. ಇದರಲ್ಲಿ ನಾನು ಸ್ವಲ್ಪ ಜಾಸ್ತಿ ಗಟ್ಟಿಯಾಗಿ ಮಾತಾಡುತ್ತೇನೆ ಅಂತ ಗೊತ್ತು. ಸಂಬಳ ಕೊಡುವವರ ಮುಂದೆ ಮೆತ್ತಗೆ ಮಾತಾಡಿಬಿಡುತ್ತೇನೇನೋ ಅನ್ನುವ ಭಯಕ್ಕೆ ಹಾಗಾಗುತ್ತದೆಯೋ ಏನೋ.

ಚರ್ಚಿನ ಶಾಲೆಗಳಿಗೆ ಮಾತ್ರ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಹೊರಗಿನ ಆರ್ಡರ್ ಹಿಡಿದು ಗೇಟು, ಬೆಂಚು ಮಾಡಿಕೊಡುವ ತರಬೇತಿ ಶಾಲೆಗಳು ಬೇಕಾದಷ್ಟಿವೆ. ನಿಜವಾದ ಗಿರಾಕಿಗೆ ಕೆಲಸ ಮಾಡಿಕೊಟ್ಟರೆ ಹುಡುಗರು ತುಂಬ ಕಲಿಯುತ್ತಾರೆ, ಮೊದಲ ಹತ್ತು ಕೀಲು ಬೆಸೆಯುವವರೆಗೆ. ಅದೇ ಕೀಲನ್ನು ಇನ್ನೂರನೇ ಸಲ ಬೆಸೆಯುವಾಗ ಅವನು ವಿದ್ಯಾರ್ಥಿಯಲ್ಲ, ಕೂಲಿ ಇಲ್ಲದ ಆಳು.

ತಂದೆತಾಯಿಗಳಿಗೆ ಒಂದು ಮಾತು. ಮಗ ರಜೆಗೆ ಬಂದಾಗ "ಫಾದರ್ ಹೇಳಿದ ಹಾಗೆ ಕೇಳ್ಕೊಂಡು ಇದ್ದೀಯಾ?" ಅಂತ ಕೇಳುತ್ತೀರಿ, ಕೇಳಿ. ಜೊತೆಗೆ "ಈ ತಿಂಗಳು ಏನು ಮಾಡೋಕೆ ಬಂತು?" ಅಂತಲೂ ಕೇಳಿ. ಮಾಡಿದ್ದನ್ನು ತೋರಿಸು ಅನ್ನಿ. ಅರ್ಥ ಆಗದಿದ್ದರೂ ಪರವಾಗಿಲ್ಲ, ಬೆಳಕಿಗೆ ಹಿಡಿದು ತೋರಿಸುವಾಗ ಅವನ ಮುಖ ನೋಡಿ.

ಹುಡುಗ ಪರೀಕ್ಷೆ ಪಾಸಾದ. ಫಸ್ಟ್ ಬರಲಿಲ್ಲ, ಇಷ್ಟು ತಡವಾಗಿ ಶುರು ಮಾಡಿದವನು ಹೇಗೆ ಬರುತ್ತಾನೆ? ಕೊನೆಯ ಭೇಟಿಗೆ ಬಂದಾಗ ಏನೂ ಹೇಳದೆ ಒಂದು ತುಂಡು ನನ್ನ ಮೇಜಿನ ಮೇಲಿಟ್ಟ. ನಾನೇ ಟ್ರೈ ಸ್ಕ್ವೇರ್ ಇಟ್ಟು ಕಿಟಕಿಗೆ ಹಿಡಿದೆ. ಒಂದು ತುದಿಯಲ್ಲಿ ಇನ್ನೂ ಸ್ವಲ್ಪ ಬೆಳಕು ಇತ್ತು. "ಈ ಕಡೆ ಇನ್ನೂ ಇದೆಯಲ್ಲೋ" ಅಂದೆ. "ಗೊತ್ತು ಮೇಡಂ, ಎಡಗೈ" ಅಂದ. ಬೇಸರ ಇರಲಿಲ್ಲ ಆ ಮಾತಿನಲ್ಲಿ.

ಈಗ ಅವನು ಹೋಗಿ ತುಂಬ ದಿನ ಆಯಿತು. ಹೋದ ವಾರ ಬೆಳಗ್ಗೆ ಸ್ವಲ್ಪ ಬೇಗ ಶಾಲೆಗೆ ಹೋಗಿದ್ದೆ. ಗಂಟೆ ಹೊಡೆಯುತ್ತಿದ್ದವನು ಮೊದಲ ವರ್ಷದ ಒಬ್ಬ ವೆಲ್ಡರ್ ಹುಡುಗ. ಕೆಲಸ ಮುಗಿಸಿ ಓಡಿ ಬಂದು ನನ್ನ ಬ್ಯಾಗ್ ಇಸಿದುಕೊಂಡು ಮೇಲೆ ತಂದಿಟ್ಟ. ಯಾರಪ್ಪಾ ಇವನು ಅಂತ ಆಫೀಸಿನಲ್ಲಿ ಕೇಳಿದೆ. "ಹೊಸಬ ಮೇಡಂ, ತುಂಬ ಒಳ್ಳೆ ಹುಡುಗ" ಅಂದರು. ಅವನ ಟೈಮ್‌ಟೇಬಲ್ ತರಿಸಿಕೊಂಡಿದ್ದೇನೆ.