ಕನ್ವರ್ಟಿಬಲ್ ಕಾರಿನ ಡಿಕ್ಕಿಯಲ್ಲಿ ಮಳೆನೀರು ನಿಲ್ಲುವುದೇಕೆ? ಸರಿಮಾಡುವುದು ಹೇಗೆ?

ಎಲ್ಲರೂ ಮೊದಲು ಬೈಯುವುದು ಡಿಕ್ಕಿ ಬಾಗಿಲಿನ ರಬ್ಬರನ್ನು. ಆದರೆ ಎಷ್ಟೋ ಸಲ ನಿಜವಾದ ಕಾರಣ ಕಟ್ಟಿಕೊಂಡ ಡ್ರೈನ್ ಕೊಳವೆ.

ಮಡಚುವ ಬಟ್ಟೆ ಟಾಪಿನ ಹಿಂದಿನ ಅಂಚಿನಲ್ಲಿ ಹೆಂಚಿನ ಮನೆಯ ದಂಬೆಯಂಥ ಒಂದು ಕಾಲುವೆ ಇರುತ್ತದೆ. ಟಾಪಿನ ನೀರು ಅಲ್ಲಿ ಸೇರಿ, ಎರಡೂ ಮೂಲೆಯ ಕೊಳವೆಗಳಿಂದ ಕಾರಿನ ಕೆಳಗೆ ಇಳಿಯಬೇಕು. ಎಲೆ, ಧೂಳು ತುಂಬಿದರೆ? ದಂಬೆ ತುಂಬಿ ಒಳಗೇ ಚೆಲ್ಲುತ್ತದೆ, ಅಷ್ಟೇ.

ಮೊದಲು ಆ ಮೂಲೆಗೆ ಒಂದು ಲೋಟ ನೀರು ಹಾಕಿ. ಕೆಳಗೆ ಬೇಗ ಸುರಿಯದಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ನಿಧಾನವಾಗಿ ತೂರಿಸಿ. ಕಂಪ್ರೆಸರ್ ಗಾಳಿ ಬೇಡ. ಕೊಳವೆ ಒಳಗೇ ಕಳಚಿಕೊಂಡರೆ ಕೆಲಸ ಜಾಸ್ತಿಯಾಗುತ್ತದೆ.

ಕೊಳವೆ ಸರಿಯಿದ್ದರೆ ಡಿಕ್ಕಿಯ ಕಾರ್ಪೆಟ್ ತೆಗೆದು, ಒಣಗಿಸಿ, ಕೀಲುಗಳ ಕೆಳಗೆ ಟಿಶ್ಯೂ ಕಾಗದ ಅಂಟಿಸಿ. ಪೈಪಿನಿಂದ ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಜಾಗಕ್ಕೆ ನೀರು ಬಿಡಿ. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಎಲ್ಲಿ ಕಾಗದದ ಮೇಲೆ ಮೊದಲ ಕಲೆ ಬೀಳುತ್ತದೋ ಅದೇ ಕಳ್ಳ.

ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಕನ್ವರ್ಟಿಬಲ್‌ನಲ್ಲಿ ಆ ಕಳ್ಳ ಹಲವು ಸಲ ಡಿಕ್ಕಿ ಮುಚ್ಚಳದ ಬ್ರೇಕ್ ಲೈಟಿನ ಗ್ಯಾಸ್ಕೆಟ್, ಅಂದರೆ ನೀರು ಒಳಬಾರದಂತೆ ತಡೆಯುವ ಮೆತ್ತನೆಯ ಪಟ್ಟಿ. ಸುತ್ತ ಸುಮ್ನೆ ಸಿಲಿಕೋನ್ ಬಳಿಯಬೇಡಿ, ಹೊಸ ಗ್ಯಾಸ್ಕೆಟ್ಟೇ ಹಾಕಿ. ಆ ಕಾರಿನ ಬ್ಯಾಟರಿ ಇರುವುದೂ ಡಿಕ್ಕಿಯಲ್ಲೇ, ಹಾಗಾಗಿ ತಡ ಮಾಡುವಂತಿಲ್ಲ.