ಪಾಟ್ಲಿ ತಂಗಿಗೆ ಕೊಡಿ, ಮಗಳನ್ನು ಮಂಗಳೂರಿಗೆ ಕಳಿಸಿ

ಪ್ರಶ್ನೆ: ನಾನು ಗದಗ-ಬೆಟಗೇರಿಯವಳು. ವಯಸ್ಸು 44. ನಮ್ಮ ಮನೆಯವರು ದಿನಾ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿ ಬರುತ್ತಾರೆ. ಮಗಳಿಗೆ ಮಂಗಳೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ. ಬರುವ ಬುಧವಾರದೊಳಗೆ ಫೀಸು ಕಟ್ಟಬೇಕು. ಹೋದ ತಿಂಗಳು ಓಣಿಯ ಒಬ್ಬರ ಮನೆಯಲ್ಲಿ ಉಪವಾಸ ಪ್ರಾರ್ಥನೆ ಇತ್ತು. ಪ್ರಾರ್ಥನೆ ನಡೆಸುವ ಸಿಸ್ಟರ್ ನನ್ನ ತಲೆ ಮೇಲೆ ಕೈಯಿಟ್ಟು, "ನಿಮ್ಮ ಮನಿಯೊಳಗ ಮುಚ್ಚಿಟ್ಟಿದ್ದು ಒಂದೈತಿ. ಕ್ರಿಸ್‌ಮಸ್ ಒಳಗ ಅದು ಹೊರಗ ಬರಲಿಲ್ಲಂದ್ರ ಊಟಕ್ಕ ಒಂದು ತಾಟು ಕಮ್ಮಿ ಆಗತೈತಿ" ಎಂದರು. ಆಮೇಲೆ ಪಕ್ಕಕ್ಕೆ ಕರೆದು, "ಹುಡುಗೀನ ಪಶ್ಚಿಮದ ಕಡೆ ಕಳಿಸಬ್ಯಾಡ್ರಿ. ನಾ ನೀರು ನೋಡೇನಿ. ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ, ಅಯ್ಯನವರ ಮುಂದೂ" ಎಂದರು. ಅಯ್ಯನವರು ಅಂದರೆ ನಮ್ಮ ಸಭೆಯ ಪಾಸ್ಟರ್.

ಮುಚ್ಚಿಟ್ಟಿದ್ದು ಏನು ಅಂತ ನನಗೆ ಗೊತ್ತು. ಎರಡು ವರ್ಷದ ಹಿಂದೆ ನಮ್ಮವ್ವ ತೀರಿಕೊಳ್ಳುವ ಮುಂಚೆ ನಾಲ್ಕು ಪಾಟ್ಲಿ (ಚಿನ್ನದ ಬಳೆ) ನನ್ನ ಕೈಗೆ ಕೊಟ್ಟು, ಎರಡು ತಂಗಿಗೆ ಅಂದಿದ್ದಳು. ಹಾವೇರಿಯಲ್ಲಿರುವ ತಂಗಿಗೆ ಈ ವಿಷಯ ಗೊತ್ತಿಲ್ಲ. ನಾನು ನಾಲ್ಕನ್ನೂ ಒತ್ತೆ ಇಟ್ಟು ಮನೆ ರಿಪೇರಿ ಮಾಡಿಸಿದೆ. ನಾಲ್ಕೂ ನನಗೇ ಬಂದದ್ದು ಅಂತ ಮನೆಯವರು ತಿಳಿದಿದ್ದಾರೆ. ಸಿಸ್ಟರ್‌ಗೆ ಇದು ಹೇಗೆ ಗೊತ್ತಾಯಿತು? ದೇವರೇ ತೋರಿಸಿರಬೇಕು. ಹಾಗಾದರೆ ಮಗಳ ವಿಷಯವೂ ನಿಜವೇ ಅಲ್ವಾ? ಅವರು ಒಂದು ರೂಪಾಯಿ ಕೇಳಿದವರಲ್ಲ. ಅವ್ವನ ಕೊನೆಗಾಲದಲ್ಲಿ ದಿನಾ ಬಂದು ಪ್ರಾರ್ಥನೆ ಮಾಡಿದವರು. ಮನೆಯವರನ್ನು ಕೇಳಿದರೆ "ಸುಮ್ನಿರು, ಹುಚ್ಚು ಹಿಡಿದೈತಿ ನಿನಗ" ಎನ್ನುತ್ತಾರೆ. ರಾತ್ರಿ ನಿದ್ದೆ ಇಲ್ಲ. ಅವರು ಬರುವುದು ಹತ್ತು ನಿಮಿಷ ತಡವಾದರೆ ಎದೆ ಹೊಡೆದುಕೊಳ್ಳುತ್ತದೆ. ಮಗಳು ಅಳುತ್ತಿದ್ದಾಳೆ. ಏನು ಮಾಡಲಿ?

ಉತ್ತರ: ಪ್ರಿಯ ಸಹೋದರಿ,

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಮಾತು ಗಂಟು ಬಿದ್ದಿವೆ. ಪಾಟ್ಲಿಯದು ಒಂದು, ಮಗಳದು ಇನ್ನೊಂದು. ಮೊದಲನೆಯದು ನಿಜವಾಗಿತ್ತು, ಆದ್ದರಿಂದ ಎರಡನೆಯದೂ ನಿಜ ಇರಲೇಬೇಕು ಅಂತ ನೀವು ಲೆಕ್ಕ ಹಾಕಿದ್ದೀರಿ. ನಿಮ್ಮ ನಿದ್ದೆ ಕೆಡಿಸಿರುವುದು ಈ ಲೆಕ್ಕವೇ.

ಬೈಬಲ್‌ನಲ್ಲಿ ಮತ್ತಾಯ 16ನೇ ಅಧ್ಯಾಯ ತೆಗೆದು ನಿಧಾನವಾಗಿ ಓದಿ. ಯೇಸು ಯಾರು ಅಂತ ಅವನ ಶಿಷ್ಯ ಪೇತ್ರ ಹೇಳುತ್ತಾನೆ. ಇದನ್ನು ನಿನಗೆ ತಿಳಿಸಿದ್ದು ಮನುಷ್ಯರಲ್ಲ, ಪರಲೋಕದಲ್ಲಿರುವ ನನ್ನ ತಂದೆಯೇ ಅಂತ ಯೇಸು ಒಪ್ಪುತ್ತಾನೆ. ಅದಕ್ಕಿಂತ ದೊಡ್ಡ ಮುದ್ರೆ ಬೇಕಾ? ಕೆಲವೇ ವಚನ ದಾಟಿ ಮುಂದೆ ಹೋಗಿ. ತಾನು ಯೆರೂಸಲೇಮಿಗೆ ಹೋಗಿ ಕಷ್ಟಪಡಬೇಕು ಅಂತ ಯೇಸು ಹೇಳಿದಾಗ ಅದೇ ಪೇತ್ರ ಅವನನ್ನು ಪಕ್ಕಕ್ಕೆ ಕರೆದು, ನಿನಗೆ ಹಾಗೆ ಆಗಬಾರದು ಅಂತ ತಡೆಯಲು ನೋಡುತ್ತಾನೆ. ಆಗ ಯೇಸು ಅವನನ್ನು ಸೈತಾನ ಅಂತಲೇ ಕರೆದು ಗದರಿಸುತ್ತಾನೆ. ಬಾಯಿ ಅದೇ. ಯೇಸುವಿನ ಮೇಲಿನ ಪ್ರೀತಿಯೂ ಅದೇ. ಆದರೂ ಒಂದು ಮಾತು ದೇವರದು, ಇನ್ನೊಂದು ಅಲ್ಲ. ಎರಡನೆಯದು ಪಕ್ಕಕ್ಕೆ ಕರೆದು ಹೇಳಿದ "ಹೋಗಬೇಡ" ಅನ್ನುವ ಮಾತು ಅನ್ನೋದನ್ನೂ ಗಮನಿಸಿ.

ಹಾಗಾಗಿ ಆ ಸಿಸ್ಟರ್ ಒಳ್ಳೆಯವರೋ ಕೆಟ್ಟವರೋ ಅಂತ ನೀವು ತೀರ್ಮಾನ ಮಾಡಬೇಕಾಗಿಲ್ಲ. ಒಳ್ಳೆಯವರೇ ಇರಬಹುದು. ಹಣ ಕೇಳಿದ್ದರೆ ನನ್ನ ಉತ್ತರ ಎರಡೇ ಸಾಲಿನಲ್ಲಿ ಮುಗಿಯುತ್ತಿತ್ತು. ಬಾಯಿಗೆ ಹಾಕಿದವರಿಗೆ ಸಮಾಧಾನ, ಹಾಕದವರಿಗೆ ಯುದ್ಧ ಅಂತ ಸಾರುವ ಪ್ರವಾದಿಗಳನ್ನು ಮೀಕ 3ರಲ್ಲಿ ದೇವರು ಬೈದದ್ದನ್ನು ತೋರಿಸಿ ಸುಮ್ಮನಾಗುತ್ತಿದ್ದೆ. ಇವರು ಹಾಗಲ್ಲ. ಅದಕ್ಕೇ ನಿಮಗೆ ಕಷ್ಟವಾಗಿದೆ. ಆದರೆ ಬೈಬಲ್ ಪರಿಶೋಧಿಸಿ ಎನ್ನುವುದು ಹೇಳಿದವರ ನಡತೆಯನ್ನು ಮಾತ್ರ ಅಲ್ಲ, ಹೇಳಿದ ಮಾತನ್ನೂ. ಗುರುತು ನಿಜವಾದರೂ ದಾರಿ ತಪ್ಪಿಸುವ ಮಾತಿಗೆ ಕಿವಿಗೊಡಬಾರದು ಅಂತ ಧರ್ಮೋಪದೇಶಕಾಂಡ 13ರಲ್ಲೇ ಇದೆ. ಪ್ರವಾದನೆಯನ್ನು ಹೀನೈಸಬೇಡಿ, ಆದರೆ ಎಲ್ಲವನ್ನೂ ಪರಿಶೋಧಿಸಿ, ಒಳ್ಳೆಯದನ್ನು ಹಿಡಿದುಕೊಳ್ಳಿ ಅಂತ ಪೌಲ ಥೆಸಲೋನಿಕದವರಿಗೆ ಬರೆದ. ಒಳ್ಳೆಯದನ್ನು ಹಿಡಿದುಕೊಳ್ಳಿ ಅಂದರೆ ಉಳಿದದ್ದನ್ನು ಬಿಡಬಹುದು ಅಂತಲೇ ಅರ್ಥ.

ಈಗ ಪಾಟ್ಲಿ ಮಾತು.

ಸಿಸ್ಟರ್‌ಗೆ ಹೇಗೆ ಗೊತ್ತಾಯಿತು ಅಂತ ಕೇಳಿದ್ದೀರಿ. ನಿಮ್ಮ ಪತ್ರದಲ್ಲೇ ಒಂದು ಸಾಲಿದೆ: ಅವ್ವನ ಕೊನೆಗಾಲದಲ್ಲಿ ಅವರು ದಿನಾ ಬರುತ್ತಿದ್ದರು. ಹಾಸಿಗೆ ಪಕ್ಕ ಕೂತವರ ಹತ್ತಿರ ಅವ್ವನೇ, "ಇಬ್ಬರಿಗೂ ಎರಡೆರಡು ಕೊಟ್ಟೇನಿ" ಅಂತ ಹೇಳಿರಬಹುದು. ಅಥವಾ ದೇವರೇ ತೋರಿಸಿರಬಹುದು. ಇಲ್ಲಾಂದ್ರೆ ಅವರು ಸುಮ್ನೆ ಹೇಳಿದ್ದು ನಿಮ್ಮ ಮನಸ್ಸಿಗೆ ತಾಗಿರಬಹುದು. ಮುಚ್ಚಿಟ್ಟದ್ದು ಒಂದೂ ಇಲ್ಲದ ಮನೆ ಎಲ್ಲಿದೆ ಹೇಳಿ? ಇದರಲ್ಲಿ ಯಾವುದಾದರೂ ಇರಲಿ, ಅದರಿಂದ ನಿಮ್ಮ ಕೆಲಸ ಒಂದು ಗುಲಗಂಜಿಯಷ್ಟೂ ಬದಲಾಗುವುದಿಲ್ಲ. ತಂಗಿಯ ಪಾಲು ನಿಮ್ಮ ಹತ್ತಿರ ಇದೆ. ಅದಕ್ಕೆ ದರ್ಶನದ ಸಾಕ್ಷಿ ಬೇಕಾಗಿಲ್ಲ. ಅವ್ವನ ಮಾತೇ ಇದೆ. ಅವ್ವ ಬಾಯಿಬಿಟ್ಟು ಹೇಳದೇ ಹೋಗಿದ್ದರೂ, ನಮಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮಕ್ಕಳಿಗೆಲ್ಲ ಸಮಪಾಲೇ.

ಎಚ್ಚರಿಕೆಯ ಮಾತನ್ನು ಕೇಳಬೇಕು ಎನ್ನುವವಳು ನಾನು. ಇತ್ತೀಚೆಗೆ ನಮ್ಮಲ್ಲಿ ಎರಡೂ ಕಡೆಯ ಅತಿ ನೋಡುತ್ತೇನೆ. ಕೆಲವರು ಪ್ರತಿ ಕನಸಿಗೂ ನಡುಗುತ್ತಾರೆ. ಇನ್ನು ಕೆಲವರು, ಓದಿದವರೇ ಜಾಸ್ತಿ, ಇದೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವ ನೆಪದಲ್ಲಿ ಚುಚ್ಚುತ್ತಿರುವ ಮನಸ್ಸಾಕ್ಷಿಯನ್ನೂ ತಳ್ಳಿಹಾಕುತ್ತಾರೆ. ನಿಮ್ಮ ಮನೆಯವರು "ಸುಮ್ನಿರು" ಅಂದದ್ದನ್ನು ನೀವು ಪಾಟ್ಲಿಗೂ ಅನ್ವಯಿಸಿಕೊಂಡು ಸುಮ್ಮನಾದರೆ ಅದು ದೊಡ್ಡ ನಷ್ಟ. ಎರಡು ವರ್ಷದಿಂದ ತಂಗಿಯ ಫೋನು ಬಂದಾಗಲೆಲ್ಲ ನಿಮಗೆ ಏನಾಗುತ್ತಿತ್ತು? ಸಿಸ್ಟರ್ ಬಾಯಿ ತೆರೆಯುವ ಎಷ್ಟೋ ಮುಂಚೆಯೇ ನಿಮಗೆ ಎಚ್ಚರಿಕೆ ಬಂದಿತ್ತು ಅಂತ ನನಗೆ ಅನಿಸುತ್ತದೆ.

ಆದರೆ ಸಾವಿನ ಬೆದರಿಕೆಯನ್ನು ಅದಕ್ಕೆ ಕಟ್ಟಿದ್ದನ್ನು ನಾನು ಒಪ್ಪುವುದಿಲ್ಲ. ಗಂಡ, ಮಕ್ಕಳಿರುವ ಹೆಂಗಸಿನ ತಲೆ ಮೇಲೆ ಕೈಯಿಟ್ಟು ಊಟಕ್ಕೆ ಒಂದು ತಾಟು ಕಮ್ಮಿ ಆಗುತ್ತದೆ ಎನ್ನುವುದು ಸಣ್ಣ ಮಾತಲ್ಲ. ಓದುತ್ತಾ ನನಗೆ ಸಿಟ್ಟು ಬಂತು. ಲೂಕ 13ರಲ್ಲಿ ಸಿಲೊವಾಮ್‌ನ ಬುರುಜು ಬಿದ್ದು 18 ಜನ ಸತ್ತ ಸುದ್ದಿ ಇದೆ. ಅವರು ಬೇರೆಯವರಿಗಿಂತ ಹೆಚ್ಚು ತಪ್ಪಿತಸ್ಥರು ಅಂತ ತಿಳಿದಿರಾ ಎಂದು ಯೇಸು ಕೇಳುತ್ತಾನೆ. ಇಲ್ಲ ಅಂತ ತಾನೇ ಉತ್ತರ ಕೊಡುತ್ತಾನೆ. ಅಲ್ಲಿಗೇ ನಿಲ್ಲದೆ, ನೀವೂ ಪಾಪ ಬಿಟ್ಟು ದೇವರ ಕಡೆ ತಿರುಗಿಕೊಳ್ಳಿ ಎನ್ನುತ್ತಾನೆ. ನೋಡಿ, ಆ ಸಾವನ್ನು ಪಾಪಕ್ಕೆ ತೆತ್ತ ಬೆಲೆ ಅಂತ ನೋಡಲು ಅವನು ಬಿಡಲಿಲ್ಲ. ತಿರುಗಿಕೊಳ್ಳಬೇಕು ಎನ್ನುವುದನ್ನೂ ಬಿಡಲಿಲ್ಲ. ನಿಮಗೂ ಇದೇ ಸಾಕು. ಪಾಟ್ಲಿ ತಂಗಿಯದು, ಅದಕ್ಕೇ ಕೊಡಿ. ತಾಟು ಉಳಿಸಿಕೊಳ್ಳಲು ಕೊಟ್ಟರೆ ಅದು ದೇವರ ಜೊತೆ ವ್ಯಾಪಾರ. ನಾಳೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ, ಇನ್ನೂ ಏನೋ ಬಾಕಿ ಇದೆ ಅಂತ ಮತ್ತೆ ಹುಡುಕಲು ಶುರು ಮಾಡುತ್ತೀರಿ. ಅದಕ್ಕೆ ಕೊನೆಯೇ ಇಲ್ಲ.

ಇನ್ನು ಮಗಳು.

ಅಪೊಸ್ತಲರ ಕೃತ್ಯಗಳು 21ರಲ್ಲಿ ಅಗಬ ಎಂಬ ಪ್ರವಾದಿ ಬರುತ್ತಾನೆ. ಪೌಲನ ನಡುಕಟ್ಟನ್ನು ತೆಗೆದುಕೊಂಡು ತನ್ನದೇ ಕೈಕಾಲು ಕಟ್ಟಿಕೊಂಡು, ಇದರ ಯಜಮಾನನನ್ನು ಯೆರೂಸಲೇಮಿನಲ್ಲಿ ಹೀಗೆ ಕಟ್ಟುತ್ತಾರೆ ಅಂತ ಹೇಳುತ್ತಾನೆ. ಅಷ್ಟೇ. ಹೋಗಬೇಡ ಅಂತ ಅಗಬ ಹೇಳಲಿಲ್ಲ. ಹೋಗಬೇಡ ಅಂತ ಅತ್ತದ್ದು ಕೈಸರೈಯದಲ್ಲಿದ್ದ ಪ್ರೀತಿಯ ಜನ. ಪೌಲ ಆ ಮಾತನ್ನು ಕೇಳಿಸಿಕೊಂಡ, ನಂಬಿದ, ಆದರೂ ಹೊರಟ. ಎಚ್ಚರಿಕೆಗೆ ಬೆಲೆ ಕೊಡುವುದು ಅಂದರೆ ಯಾವಾಗಲೂ ಹಿಂದೆ ಸರಿಯುವುದು ಅಂತಲ್ಲ. ಸಿಸ್ಟರ್ ಕಂಡದ್ದು ನೀರು ಅಂತ ಇಟ್ಟುಕೊಳ್ಳೋಣ. ಕಳಿಸಬೇಡಿ ಎಂಬುದು ಅವರು ಸೇರಿಸಿದ ಅರ್ಥ. ಮಂಗಳೂರು ಅಂದರೆ ಸಮುದ್ರ ಅಂತ ಯಾರಿಗೂ ನೆನಪಾಗುತ್ತದೆ. ಸೀಟು ಮಂಗಳೂರಿನಲ್ಲಿ ಸಿಕ್ಕಿದ್ದು ಓಣಿಗೆಲ್ಲ ಗೊತ್ತಿತ್ತು, ಅಲ್ವಾ?

ಇನ್ನೂ ಒಂದು ವ್ಯತ್ಯಾಸ ಇದೆ. ನನಗೆ ಇದೇ ಮುಖ್ಯ ಅನಿಸುತ್ತದೆ. ನಾಲ್ವತ್ತು ದಿನ ಆದ ಮೇಲೆ ನಿನೆವೆ ಹಾಳಾಗುತ್ತದೆ ಅಂತ ಪ್ರವಾದಿ ಯೋನ ಸಾರಿದ. ಊರಿನವರು ಕೆಟ್ಟ ದಾರಿ ಬಿಟ್ಟರು, ಊರು ಉಳಿಯಿತು. ಬಿಡಬೇಕಾದ ಕೆಟ್ಟದ್ದು ಅಲ್ಲಿ ಕಣ್ಣೆದುರಿಗೇ ಇತ್ತು. ಪಾಟ್ಲಿ ಮಾತಿನಲ್ಲೂ ಹಾಗೇ ಇದೆ. ಮಗಳ ಮಾತಿನಲ್ಲಿ ಯಾವ ಕೆಟ್ಟದ್ದಿದೆ? ರೋಗಿಗಳನ್ನು ನೋಡಿಕೊಳ್ಳಲು ಕಲಿಯುವುದು ಪಾಪವಲ್ಲ. ಅವಳು ಏನು ಬಿಡಬೇಕು, ಯಾರ ಕಡೆಗೆ ತಿರುಗಬೇಕು? ಆ ಮಾತು ಅವಳಿಗೆ ದಾರಿ ತೋರಿಸುವುದಿಲ್ಲ. ಮನೆಯಲ್ಲಿ ಕೂರಿಸುತ್ತದೆ, ಅಷ್ಟೇ.

ಅಯ್ಯನವರಿಗೂ ಹೇಳಬೇಡಿ ಎಂದದ್ದಂತೂ ಪೂರ್ತಿ ತಪ್ಪು. ಪ್ರವಾದನೆಯನ್ನು ಎರಡು ಮೂರು ಜನ ಹೇಳಲಿ, ಉಳಿದವರು ವಿವೇಚಿಸಲಿ ಅಂತ ಮೊದಲನೆಯ ಕೊರಿಂಥ 14ರಲ್ಲಿ ಇದೆ. ಗುಟ್ಟಾಗಿ ಇಟ್ಟರೆ ವಿವೇಚಿಸುವವರು ಯಾರು? ನಮ್ಮ ಕಡೆಯ ಪರಿಸ್ಥಿತಿ ನನಗೆ ಗೊತ್ತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ ಬಂತು. ಅದರಿಂದ ಬೆಳೆದ ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚುಗಳಲ್ಲಿ ದರ್ಶನ, ಪ್ರವಾದನೆಯ ಮಾತು ಕಡಿಮೆ. ಓಣಿಯ ಪ್ರಾರ್ಥನೆ ಕೂಟಗಳಲ್ಲಿ ಅದೇ ಜಾಸ್ತಿ. ನಮ್ಮ ಹೆಣ್ಣುಮಕ್ಕಳು ಭಾನುವಾರ ಒಂದು ಕಡೆ, ಶುಕ್ರವಾರ ಇನ್ನೊಂದು ಕಡೆ ಹೋಗುತ್ತಾರೆ. ಒಂದು ಕಡೆಯದನ್ನು ಇನ್ನೊಂದು ಕಡೆ ಹೇಳುವುದಿಲ್ಲ. ಹೇಳಿದರೆ ಅಯ್ಯನವರು ಬೈತಾರೆ ಅಂತ ಹೆದರಿಕೆ. ಇದರಲ್ಲಿ ಸಭೆಯ ಹಿರಿಯರದೂ ತಪ್ಪಿದೆ. ಹೆಂಗಸರು ಬಂದು ಹೇಳಿಕೊಂಡಾಗ ನಗುವುದನ್ನು ಅವರು ಬಿಡಬೇಕು. ನೀವು ಅಯ್ಯನವರ ಹತ್ತಿರ ಹೋಗಿ. ಒಬ್ಬರೇ ಹೋಗಲು ಮುಜುಗರ ಆದರೆ ಅಯ್ಯನವರ ಮನೆಯವರ ಮುಂದೆ ಮೊದಲು ಹೇಳಿ. ಸಿಸ್ಟರ್‌ಗೂ ಮುಚ್ಚಿಡಬೇಡಿ. "ನೀವು ಹೇಳಿದ್ದನ್ನ ನಾ ಅಯ್ಯನವರ ಮುಂದ ಹೇಳೇನ್ರಿ ಸಿಸ್ಟರ್, ತಪ್ಪು ತಿಳ್ಕೋಬ್ಯಾಡ್ರಿ" ಅಂದರೆ ಸಾಕು. ದೇವರ ಮಾತೇ ಆಗಿದ್ದರೆ ಅದನ್ನು ನಾಲ್ಕು ಜನ ತೂಗಿ ನೋಡಿದರೆ ಅವರಿಗೆ ಬೇಸರ ಆಗಬಾರದು.

ಮೊದಲು ಮಾತಾಡಬೇಕಾದದ್ದು ಮಾತ್ರ ನಿಮ್ಮ ಮನೆಯವರ ಹತ್ತಿರ. ಇಂದು ರಾತ್ರಿ ಊಟ ಆದ ಮೇಲೆ ಒತ್ತೆಯ ರಸೀದಿ ತೆಗೆದು ಮುಂದೆ ಇಡಿ. ಇದರಲ್ಲಿ ಎರಡು ತಂಗಿಯದು ಅಂತ ಹೇಳಿ. ಅವರು ಸಿಟ್ಟಾಗಬಹುದು, ಆಗಲಿ. ರಸೀದಿಯಲ್ಲಿ ಕೊನೆಯ ದಿನಾಂಕ ಯಾವುದಿದೆ, ಬಡ್ಡಿ ಎಷ್ಟಾಗಿದೆ ನೋಡಿ. ದಿನಾಂಕ ಮೀರಿ ಹರಾಜಿಗೆ ಹೋದರೆ ತಂಗಿಗೆ ಕೊಡಲು ಪಾಟ್ಲಿಯೇ ಇರುವುದಿಲ್ಲ. ಸ್ವಲ್ಪ ಹಣ ಕಟ್ಟಿ ಎರಡನ್ನು ಮಾತ್ರ ಮೊದಲು ಬಿಡಿಸಲು ಆಗುತ್ತದಾ ಕೇಳಿ. ಆಗದಿದ್ದರೆ ಬಿಡಿಸುವವರೆಗೂ ಕಾಯಬೇಡಿ, ಆ ರಸೀದಿಯನ್ನೇ ಹಿಡಿದು ಹಾವೇರಿಗೆ ಹೋಗಿ. ಫೋನಿನಲ್ಲಿ ಹೇಳುವ ವಿಷಯ ಅಲ್ಲ ಇದು. "ಅವ್ವ ನಿನಗ ಎರಡು ಕೊಟ್ಟಿದ್ದಳು. ನಾ ಹೇಳಲಿಲ್ಲ. ತಪ್ಪಾತು" ಅಂತ ನೇರವಾಗಿ ಹೇಳಿ. ಮನೆ ಸೋರುತ್ತಿತ್ತು, ಖರ್ಚಿತ್ತು ಅನ್ನೋ ಕಾರಣಗಳನ್ನು ಅವಳು ಕೇಳಿದರೆ ಮಾತ್ರ ಹೇಳಿ. ಎಷ್ಟು ತಿಂಗಳಲ್ಲಿ ಬಿಡಿಸಿ ಕೊಡುತ್ತೀರಿ ಎನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಅವಳು ಅತ್ತು ಬೈದು, ನಾಲ್ಕು ತಿಂಗಳು ಮಾತು ಬಿಡಬಹುದು. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಜೊತೆ ಒಂದಾಗು ಅಂತ ಯೇಸು ಹೇಳಿದಾಗ, ಅವನು ಕೂಡಲೇ ಕ್ಷಮಿಸುತ್ತಾನೆ ಅಂತ ಮಾತು ಕೊಟ್ಟಿಲ್ಲ. ಹೋಗು ಅಂದಿದ್ದಾನೆ.

ನಿದ್ದೆಯ ಮಾತನ್ನೂ ಬಿಡುವ ಹಾಗಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತದೆ ಅಂದರೆ ಡಾಕ್ಟರಿಗೆ ತೋರಿಸಬೇಕು. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ದೂರವಲ್ಲ. 14416ಕ್ಕೆ ಫೋನು ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಇದರಿಂದ ನಂಬಿಕೆ ಕಮ್ಮಿ ಅಂತ ಯಾರೂ ಹೇಳಲಾರರು. ಮಿಷನ್‌ನವರು ನಿಮ್ಮ ಬೆಟಗೇರಿಯಲ್ಲೇ ಆಸ್ಪತ್ರೆ ಕಟ್ಟಿದವರು. ಪ್ರಾರ್ಥನೆ, ಔಷಧಿ ಎರಡೂ ಜೊತೆಗೇ ಬಂದವು ನಮ್ಮಲ್ಲಿ.

ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿ, ಪಾಟ್ಲಿ ವಿಷಯವನ್ನೂ. ತನ್ನಿಂದ ಮನೆಗೆ ಕೇಡು ಅಂತ ಆ ಹುಡುಗಿ ಅಂದುಕೊಂಡಿರಬಹುದು. ಹಾಗಲ್ಲ ಅಂತ ನಿಮ್ಮ ಬಾಯಿಂದಲೇ ಅವಳಿಗೆ ಕೇಳಿಸಬೇಕು. ಹಾಸ್ಟೆಲ್ ಹೇಗಿದೆ, ವಾರ್ಡನ್ ನಂಬರ್ ಯಾವುದು, ಅಲ್ಲಿ ಭಾನುವಾರ ಯಾವ ಕನ್ನಡ ಸಭೆಗೆ ಹೋಗಬಹುದು, ಇವನ್ನು ಅಪ್ಪ-ಮಗಳು ಇಬ್ಬರೂ ಹೋಗಿ ವಿಚಾರಿಸಿಕೊಂಡು ಬರಲಿ. ಸಮುದ್ರಕ್ಕೆ ಹೋದಾಗ ನೀರಿಗೆ ಇಳಿಯಬೇಡ ಅಂತ ಯಾವ ತಾಯಿಯಾದರೂ ಹೇಳುತ್ತಾಳೆ, ನೀವೂ ಹೇಳಿ. ಫೀಸನ್ನು ಬುಧವಾರದವರೆಗೆ ಎಳೆಯಬೇಡಿ, ಸೋಮವಾರವೇ ಕಟ್ಟಿಬಿಡಿ. ಹಾವೇರಿಯಿಂದ ಒಳ್ಳೆಯ ಉತ್ತರ ಬರಲಿ, ಆಮೇಲೆ ಕಟ್ಟೋಣ ಅಂತ ಮಾತ್ರ ಕಾಯಬೇಡಿ.