ಓದುಗರ ಪ್ರಶ್ನೆ: ಮನೆಯಲ್ಲಿ ಮಧುರ, ಸಭೆಯಲ್ಲಿ ಕರ್ಕಶ – ಗಿಟಾರ್ ಪ್ರೊಸೆಸರ್ ಪರದಾಟಗಳು

ಆಂಪ್, ಸ್ಪೀಕರ್, ಡಿಲೇ (ಪ್ರತಿಧ್ವನಿ), ರಿವರ್ಬ್ (ಸಭಾಂಗಣದಂಥ ಅನುರಣನ) ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಅನುಕರಿಸುವ ಮಲ್ಟಿ-ಎಫೆಕ್ಟ್ಸ್ ಯಂತ್ರವನ್ನು ನಮ್ಮ ಆರ್ಕೆಸ್ಟ್ರಾದವರು 'ಪ್ರೊಸೆಸರ್' ಎಂದಷ್ಟೇ ಕರೆಯುತ್ತಾರೆ. ಇಲ್ಲೂ ಹಾಗೇ ಕರೆದಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಕನ್ನಡ ಸಂಘದ ವಾರ್ಷಿಕೋತ್ಸವಗಳಲ್ಲಿ ಚಿತ್ರಗೀತೆಗಳಿಗೆ ಗಿಟಾರ್ ನುಡಿಸುತ್ತೇನೆ. ಮನೆಯಲ್ಲಿ 15 ವ್ಯಾಟಿನ ಆಂಪಿಗೆ ಜೋಡಿಸಿ ಸಿದ್ಧಮಾಡಿದ ಡಿಸ್ಟಾರ್ಷನ್ (ಒಡೆದ ಸದ್ದಿನ) ಪ್ಯಾಚ್, ಅಂದರೆ ಯಂತ್ರದಲ್ಲಿ ಉಳಿಸಿಟ್ಟ ಸೆಟ್ಟಿಂಗುಗಳ ಜೋಡಣೆ, ಸೊಗಸಾಗಿತ್ತು. ಅದನ್ನೇ ಸಭಾಂಗಣದ ಮಿಕ್ಸರಿಗೆ ಕೊಟ್ಟಾಗ ಡಬ್ಬಿಯೊಳಗೆ ಜೇನುಹುಳು ಸಿಕ್ಕಿಕೊಂಡಂತೆ ಕೇಳಿಸಿತು. ದೋಷ ಯಂತ್ರದ್ದೋ, ಸೌಂಡಿನವರದ್ದೋ? – ಓದುಗರು, ಡೊಂಬಿವಲಿ

ಇಬ್ಬರದ್ದೂ ಅಲ್ಲ. ತನ್ನ ಬಾಲಕ್ಕೆ ಏನು ಕಟ್ಟಿದ್ದಾರೆಂಬುದು ಪ್ರೊಸೆಸರಿಗೆ ಗೊತ್ತಾಗುವುದಿಲ್ಲ. ಅದನ್ನು ನಾವೇ ಹೇಳಬೇಕು.

ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಕೈಚೆಲ್ಲುತ್ತದೆ. ಡಿಸ್ಟಾರ್ಷನ್ನಿನಿಂದ ಹುಟ್ಟುವ ಚೂಪು ಅಂಚುಗಳನ್ನೆಲ್ಲ ಅದು ಹೆರೆದು ಹಾಕುವುದರಿಂದಲೇ ನಾದ ತುಂಬಿಕೊಂಡು ಕೇಳುವುದು. ಸಭಾಂಗಣದ ಪಿ.ಎ. ಸ್ಪೀಕರಿನಲ್ಲಿ ಹಾರ್ನ್ ಇರುತ್ತದೆ. 15 ಕಿಲೋಹರ್ಟ್ಸಿನವರೆಗೂ ಬಂದದ್ದನ್ನೆಲ್ಲ ಅದು ನಿಷ್ಠೆಯಿಂದ ಹೊರಗೆ ಹಾಕುತ್ತದೆ. ಮನೆಯ ಆಂಪಿಗೆಂದು ನೀವು ಕ್ಯಾಬ್ ಸಿಮ್ಯುಲೇಷನ್, ಅಂದರೆ ಸ್ಪೀಕರ್ ಪೆಟ್ಟಿಗೆಯ ಅನುಕರಣೆ, ಆಫ್ ಮಾಡಿದ್ದೀರಿ (ಅಥವಾ ಔಟ್‌ಪುಟ್ ಸೆಟ್ಟಿಂಗ್ 'ಆಂಪ್' ಎಂದೇ ಇದೆ). ಹಾಗಾಗಿ ಹೆರೆಯುವವರಿಲ್ಲದೆ ಹಸಿ ಸದ್ದು ನೇರವಾಗಿ ಜನರ ಕಿವಿಗೆ ಹೋಗಿದೆ.

ಮೊದಲು ಗ್ಲೋಬಲ್ ಅಥವಾ ಸಿಸ್ಟಂ ಮೆನುವಿಗೆ ಹೋಗಿ ಔಟ್‌ಪುಟ್ ಆಯ್ಕೆಯನ್ನು 'ಲೈನ್/ಫೋನ್ಸ್' ಮಾಡಿ. ಹಾಗೊಂದು ಆಯ್ಕೆಯಿಲ್ಲದ ಮಾದರಿಗಳಲ್ಲಿ ಪ್ಯಾಚಿನೊಳಗೆ ಆಂಪ್ ಬ್ಲಾಕಿನ (ಆಂಪನ್ನು ಅನುಕರಿಸುವ ಘಟಕದ) ಬೆನ್ನಿಗೇ ಕ್ಯಾಬ್ ಬ್ಲಾಕ್ ಇದೆಯೇ, ಆನ್ ಆಗಿದೆಯೇ ನೋಡಿ. ಆಮೇಲೆ ಕ್ಯಾಬ್ ಬ್ಲಾಕಿನಲ್ಲೇ ಲೋ ಕಟ್ (ಅದಕ್ಕಿಂತ ಕೆಳಗಿನದನ್ನು ಕತ್ತರಿಸುವುದು) 80ರಿಂದ 100 ಹರ್ಟ್ಸ್, ಹೈ ಕಟ್ (ಮೇಲಿನದನ್ನು ಕತ್ತರಿಸುವುದು) 6ರಿಂದ 7 ಕಿಲೋಹರ್ಟ್ಸ್ ಇಡಿ. ಇಷ್ಟಕ್ಕೇ ಮುಕ್ಕಾಲು ಕೆಲಸ ಮುಗಿಯಿತು. ಇನ್ನೂ ಚುಚ್ಚುತ್ತಿದ್ದರೆ ಈಕ್ವಲೈಸರ್ ತಿರುಗಿಸುವ ಮುನ್ನ ಕ್ಯಾಬ್ ಬ್ಲಾಕ್ ಅನುಕರಿಸುವ ಮೈಕಿನ ಜಾಗ ಬದಲಿಸಿ. ಸ್ಪೀಕರಿನ ನಡುಮಧ್ಯಕ್ಕೆ ಹಿಡಿದ ಮೈಕ್ ಅತಿ ಚುರುಕು. ಅಂಚಿನ ಕಡೆಗೆ ಸರಿಸಿದಂತೆ ನಾದ ಮೃದುವಾಗುತ್ತದೆ. ಅಸಲಿ ಮೈಕಿನಲ್ಲಿ ಹೇಗೋ ಪೆಟ್ಟಿಗೆಯೊಳಗಿನ ಮೈಕಿನಲ್ಲೂ ಹಾಗೇ.

ಉಳಿದ ಕಾಲುಭಾಗದ ದೋಷ ಕಿವಿಯದ್ದು. ಸದ್ದು ಕಡಿಮೆಯಿದ್ದಾಗ ಕಿವಿಗೆ ತಗ್ಗಿನ ಮತ್ತು ಮೇಲಿನ ಸ್ವರಗಳು ಮಂಕಾಗಿ ಕೇಳುತ್ತವೆ. ಸದ್ದು ಏರಿದಂತೆ ಅವು ಎದ್ದು ಬರುತ್ತವೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ಇದನ್ನು ಅಳೆದು ರೇಖೆಗಳಲ್ಲಿ ತೋರಿಸಿದರು. ಪಕ್ಕದ ಫ್ಲ್ಯಾಟಿನವರಿಗೆ ಹೆದರಿ ಸಣ್ಣ ಸದ್ದಿನಲ್ಲಿ ಪ್ಯಾಚ್ ಕಟ್ಟುವಾಗ ನಾವು ಬಾಸ್, ಟ್ರೆಬಲ್ ಎರಡನ್ನೂ ಏರಿಸಿ ಮಿಡ್ ಇಳಿಸುತ್ತೇವೆ. ಸಭೆಯಲ್ಲಿ ಅದೇ ಪ್ಯಾಚ್ ಕೆಳಗೆ ಗುಮ್ಮೆನ್ನುತ್ತದೆ, ಮೇಲೆ ಕಿರುಚುತ್ತದೆ, ನಡುವೆ ಟೊಳ್ಳು. ಆ ನಡುಭಾಗದಲ್ಲೇ, ಅಂದರೆ ಸುಮಾರು 500 ಹರ್ಟ್ಸಿನಿಂದ 2 ಕಿಲೋಹರ್ಟ್ಸಿನೊಳಗೆ, ಗಿಟಾರಿಗೆ ಜಾಗವಿರುವುದು. ಅದನ್ನು ಬಿಟ್ಟುಕೊಟ್ಟರೆ ಕೀಬೋರ್ಡಿನವರು ಆಕ್ರಮಿಸುತ್ತಾರೆ, ಅವರನ್ನು ದೂರಿ ಫಲವಿಲ್ಲ.

ಪ್ರತಿ ಪ್ಯಾಚಿಗೂ ಎರಡು ನಕಲು ಇಟ್ಟುಕೊಳ್ಳಿ: ಒಂದು ಮನೆಗೆ, ಒಂದು ಸಭೆಗೆ. ಸಭೆಯದರಲ್ಲಿ ಗೇನ್ (ಸದ್ದನ್ನು ಒಡೆಸುವ ಪ್ರಮಾಣ) ಮೂರನೇ ಒಂದು ಪಾಲು ಇಳಿಸಿ, ರಿವರ್ಬ್ ಅರ್ಧಕ್ಕರ್ಧ ತಗ್ಗಿಸಿ (ಸಭಾಂಗಣವೇ ಬೇಕಾದಷ್ಟು ಕೊಡುತ್ತದೆ), ಬಾಸ್ 4, ಮಿಡ್ 6, ಟ್ರೆಬಲ್ 5ರಿಂದ ಶುರುಮಾಡಿ. ಒಬ್ಬರೇ ಕೇಳಿದರೆ ಅದು ಸ್ವಲ್ಪ ಒರಟು ಅನ್ನಿಸುತ್ತದೆ, ಅನ್ನಿಸಲಿ. ಢೋಲಕ್ ಶುರುವಾದ ಮೇಲೆ ನೋಡಿ.

ಇನ್ನೊಂದು ಮಾತು. ಮಿಕ್ಸರಿನವರು ಒಂದೇ ಚಾನೆಲ್ ಕೊಟ್ಟರೆ ಕೇಬಲನ್ನು 'ಎಲ್/ಮೋನೋ' ಎಂದು ಬರೆದ ಜ್ಯಾಕಿಗೇ ಹಾಕಬೇಕು. ಬಲಗಡೆಯದಕ್ಕೆ ಹಾಕಿದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೆಗೆಯುವ ಪಿಂಗ್‌ಪಾಂಗ್ ಡಿಲೇಯ ಅರ್ಧ ಪೆಟ್ಟುಗಳು ಮಾಯವಾಗುತ್ತವೆ.

ಗಣೇಶೋತ್ಸವದ ಪೆಂಡಾಲಿನಲ್ಲಿ ನುಡಿಸುವಾಗ 'ಗುಂಯ್' ಎಂಬ ಸದ್ದು ನಿಲ್ಲುವುದೇ ಇಲ್ಲ. ನಾಯ್ಸ್ ಗೇಟ್ (ಸಣ್ಣ ಸದ್ದನ್ನು ತಡೆಯುವ ಬಾಗಿಲು) ಏರಿಸಿದರೆ ಉದ್ದದ ಸ್ವರಗಳು ತುಂಡಾಗುತ್ತವೆ. ಅಡಾಪ್ಟರ್ ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಂಡದ್ದು. – ಓದುಗರು, ಚೆಂಬೂರು

ಗೇಟನ್ನು ಸದ್ಯ ಪೂರ್ತಿ ಆಫ್ ಮಾಡಿ. ರೋಗ ಎಲ್ಲಿದೆಯೆಂದು ತಿಳಿಯದೆ ಬಾಯಿಗೆ ಬಟ್ಟೆ ಕಟ್ಟಿದಂತೆ ಆಗುತ್ತದೆ ಅದು.

ಗಿಟಾರಿನ ವಾಲ್ಯೂಮ್ ಸೊನ್ನೆಗೆ ತನ್ನಿ. ಗುಂಯ್ ನಿಂತರೆ ಅದು ಪಿಕಪ್ ಹೀರಿಕೊಂಡದ್ದು. ಸಿಂಗಲ್ ಕಾಯಿಲ್ ಪಿಕಪ್ಪುಗಳು ಅಲಂಕಾರ ದೀಪಗಳ ಡಿಮ್ಮರು, ಟ್ರಾನ್ಸ್‌ಫಾರ್ಮರುಗಳ ಸದ್ದನ್ನು ರೇಡಿಯೋದಂತೆ ಹಿಡಿಯುತ್ತವೆ. ನಿಂತ ಜಾಗದಲ್ಲೇ ಗಿಟಾರನ್ನು ನಿಧಾನವಾಗಿ ತಿರುಗಿಸಿದರೆ ಒಂದು ದಿಕ್ಕಿನಲ್ಲಿ ಅದು ಇಳಿಯುತ್ತದೆ. ಆ ಕಡೆಗೆ ಮುಖಮಾಡಿ ನಿಲ್ಲಿ, ಇಲ್ಲವೇ ದೀಪದ ಸರದಿಂದ ಎರಡು ಮೀಟರ್ ದೂರ ಸರಿಯಿರಿ.

ವಾಲ್ಯೂಮ್ ಸೊನ್ನೆಯಲ್ಲೂ ಸದ್ದಿದ್ದರೆ, ಮಿಕ್ಸರಿಗೆ ಹೋಗುವ ಕೇಬಲ್ ಕಿತ್ತು ಹೆಡ್‌ಫೋನಿನಲ್ಲಿ ಕೇಳಿ. ಈಗ ಮೌನವಾದರೆ ಅದು ಗ್ರೌಂಡ್ ಲೂಪ್. ನಿಮ್ಮ ಪ್ಲಗ್ಗಿನ ಅರ್ಥಿಂಗ್ ಒಂದು ಕಡೆ, ಮಿಕ್ಸರಿನದು ಮತ್ತೊಂದು ಕಡೆ ಇದ್ದು, ನಡುವಿನ ಕೇಬಲಿನ ಮೂಲಕ 50 ಹರ್ಟ್ಸಿನ ವಿದ್ಯುತ್ ಸುತ್ತು ಹಾಕುತ್ತಿದೆ. ಡಿಐ ಬಾಕ್ಸ್ (ಯಂತ್ರಕ್ಕೂ ಮಿಕ್ಸರಿಗೂ ನಡುವಿನ ಪುಟ್ಟ ಪೆಟ್ಟಿಗೆ) ಇಟ್ಟು ಅದರ 'ಗ್ರೌಂಡ್ ಲಿಫ್ಟ್' ಒತ್ತಿದರೆ ಸರಿಹೋಗುತ್ತದೆ. ಪ್ರೊಸೆಸರಿನ ಔಟ್‌ಪುಟ್ ಸಾಕಷ್ಟು ಬಲವಾಗಿರುವುದರಿಂದ ಮಿಕ್ಸರಿನಿಂದ 48 ವೋಲ್ಟ್ (ಫ್ಯಾಂಟಮ್ ಪವರ್) ಬೇಡುವ ಆ್ಯಕ್ಟಿವ್ ಡಿಐ ಬೇಡ, ಪ್ಯಾಸಿವ್ ಸಾಕು. ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿದು ಗುಂಯ್ ನಿಲ್ಲಿಸುವ ಉಪಾಯವನ್ನು ಪೆಂಡಾಲಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ತಂತಿ ಮುಟ್ಟಿಕೊಂಡು ಮೈಕಿಗೆ ತುಟಿ ತಾಗಿಸಿದಾಗ ಜುಮ್ಮೆಂದರಂತೂ ನುಡಿಸುವುದನ್ನೇ ನಿಲ್ಲಿಸಿ ಜನರೇಟರಿನವರನ್ನು ಕರೆಯಿರಿ.

ಹೆಡ್‌ಫೋನಿನಲ್ಲೂ ಗುಂಯ್ ಇದ್ದರೆ ಅಡಾಪ್ಟರನ್ನೇ ಸಂಶಯಿಸಬೇಕು. ಪೆಟ್ಟಿಗೆಯ ಬೆನ್ನಿನ ಮೇಲೆ ವೋಲ್ಟ್, ಮಿಲಿಆಂಪಿಯರ್ ಮತ್ತು ಧ್ರುವದ ಚಿತ್ರ ಮೂರೂ ಇರುತ್ತವೆ. ಹೆಚ್ಚಿನವಕ್ಕೆ 9 ವೋಲ್ಟ್ ಡಿಸಿ ಬೇಕು, ಪಿನ್ನಿನ ನಡುಭಾಗ ನೆಗೆಟಿವ್. ಕೀಬೋರ್ಡಿನ ಅಡಾಪ್ಟರುಗಳಲ್ಲಿ ನಡುಭಾಗ ಪಾಸಿಟಿವ್ ಇರುವುದುಂಟು. ತೂತಿಗೆ ಕೂರುತ್ತದೆಂದು ಹಾಕಿಬಿಡಬೇಡಿ. ಮಿಲಿಆಂಪಿಯರ್ ಬೇಕಾದ್ದಕ್ಕಿಂತ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆಯಿದ್ದರೆ ಗುಂಯ್‌ಗುಡುತ್ತದೆ ಅಥವಾ ಹಾಡಿನ ನಡುವೆ ಯಂತ್ರ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಹಳೆಯ ಬಗೆಯ, ರೆಗ್ಯುಲೇಟೆಡ್ ಅಲ್ಲದ ಅಡಾಪ್ಟರನ್ನು ಕೈಯಲ್ಲಿ ಹಿಡಿದರೇ ತಿಳಿಯುತ್ತದೆ: ಇಟ್ಟಿಗೆಯಂತೆ ಭಾರ. ಬರೇ ಅಡಾಪ್ಟರನ್ನು ಮಲ್ಟಿಮೀಟರಿಗೆ ಹಿಡಿದಾಗ 9ರ ಬದಲು 12–13 ವೋಲ್ಟ್ ತೋರಿಸಿದರೆ ಅದನ್ನು ಪ್ರೊಸೆಸರಿನ ಹತ್ತಿರ ತರಬೇಡಿ.

ಇದೆಲ್ಲ ಆದ ಮೇಲೆ ಗೇಟ್. ಅದನ್ನು ಆಂಪ್ ಬ್ಲಾಕಿಗೂ ಮೊದಲು ಇಟ್ಟು, ತಂತಿಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಥ್ರೆಶೋಲ್ಡನ್ನು (ಗೇಟ್ ಮುಚ್ಚುವ ಮಟ್ಟವನ್ನು) ಸೊನ್ನೆಯಿಂದ ಮೆಲ್ಲನೆ ಏರಿಸಿ. ಗುಂಯ್ ನಿಂತ ಕೂಡಲೇ ಕೈ ತೆಗೆಯಿರಿ. ಸ್ವರ ಇನ್ನೂ ಹಠಾತ್ತನೆ ಕತ್ತರಿಸಿದಂತಾದರೆ ಡಿಕೇ ಅಥವಾ ರಿಲೀಸ್ (ಗೇಟ್ ಮುಚ್ಚಲು ಹಿಡಿಯುವ ಸಮಯ) ಹೆಚ್ಚಿಸಿ.

ನನ್ನ ಆಂಪಿನ ಹಿಂದೆ 'ಸೆಂಡ್', 'ರಿಟರ್ನ್' ಎಂಬ ಜ್ಯಾಕುಗಳಿವೆ. ನಾಲ್ಕು ಕೇಬಲಿನ ವಿಧಾನ ಎಂದರೇನು? ಬೇಕೇ? – ಓದುಗರು, ಕೊಥರೂಡ, ಪುಣೆ

ಆಂಪಿನ ಸ್ವಂತ ಪ್ರೀಆಂಪಿನ (ನಾದಕ್ಕೆ ರೂಪ ಕೊಡುವ ಮೊದಲ ಹಂತದ) ನಾದ ನಿಮಗೆ ಇಷ್ಟವಿದ್ದರೆ ಮಾತ್ರ ಬೇಕು. ಪ್ರೀಆಂಪ್ ದಾಟಿದ ಸದ್ದು ಹೊರಬರುವ ಜ್ಯಾಕು ಸೆಂಡ್, ಅದು ಮರಳಿ ಒಳಹೋಗುವ ಜ್ಯಾಕು ರಿಟರ್ನ್. ಕೇಬಲುಗಳ ದಾರಿ ಹೀಗೆ: ಗಿಟಾರಿನಿಂದ ಪ್ರೊಸೆಸರಿನ ಇನ್‌ಪುಟ್. ಪ್ರೊಸೆಸರಿನ ಸೆಂಡ್‌ನಿಂದ ಆಂಪಿನ ಮುಂದಿನ ಇನ್‌ಪುಟ್. ಆಂಪಿನ ಸೆಂಡ್‌ನಿಂದ ಪ್ರೊಸೆಸರಿನ ರಿಟರ್ನ್. ಪ್ರೊಸೆಸರಿನ ಔಟ್‌ಪುಟ್‌ನಿಂದ ಆಂಪಿನ ರಿಟರ್ನ್. ಪ್ಯಾಚಿನಲ್ಲಿ ಆಂಪ್, ಕ್ಯಾಬ್ ಎರಡೂ ಆಫ್. ಅವುಗಳ ಜಾಗದಲ್ಲಿ ಎಫ್‌ಎಕ್ಸ್ ಲೂಪ್ ಬ್ಲಾಕ್. ಅದಕ್ಕೂ ಮೊದಲು ವಾ, ಕಂಪ್ರೆಸರ್, ಓವರ್‌ಡ್ರೈವ್. ಅದರ ನಂತರ ಕೋರಸ್, ಡಿಲೇ, ರಿವರ್ಬ್. ಹೀಗಾದರೆ ಪ್ರತಿಧ್ವನಿಗಳು ಡಿಸ್ಟಾರ್ಷನ್ನಿಗೆ ಸಿಕ್ಕಿ ಕಲಸಿಹೋಗುವುದಿಲ್ಲ.

ಲೂಪ್ ಬ್ಲಾಕ್ ಆನ್ ಮಾಡಿದಾಗ ಸದ್ದು ದಿಢೀರನೆ ಏರಿದರೆ ಅಥವಾ ಇಳಿದರೆ ಸೆಂಡ್, ರಿಟರ್ನ್‌ಗಳ ಮಟ್ಟವನ್ನು 'ಇನ್‌ಸ್ಟ್ರುಮೆಂಟ್' ಮತ್ತು 'ಲೈನ್' ನಡುವೆ ಬದಲಿಸಿ ನೋಡಿ. ಎರಡು ಯಂತ್ರಗಳ ನಡುವೆ ಮೂರು ಕೇಬಲು ಓಡಾಡುವುದರಿಂದ ಗ್ರೌಂಡ್ ಲೂಪಿನ ಕಾಟ ಇಲ್ಲೂ ಉಂಟು. ಎರಡನ್ನೂ ಒಂದೇ ಸ್ಪೈಕ್ ಗಾರ್ಡಿಗೆ ಹಾಕಿ.

ಪ್ರೀಆಂಪಿನ ಮೋಹವಿಲ್ಲದವರು ಪ್ರೊಸೆಸರಿನ ಔಟ್‌ಪುಟನ್ನು ಆಂಪಿನ ರಿಟರ್ನ್‌ಗೆ ಒಂದೇ ಕೇಬಲಿನಲ್ಲಿ ಕೊಟ್ಟು, ಆಂಪ್ ಮಾದರಿ ಆನ್, ಕ್ಯಾಬ್ ಆಫ್ ಇಟ್ಟುಕೊಂಡರೆ ಸಾಕು. ಹತ್ತರಲ್ಲಿ ಎಂಟು ಮಂದಿಗೆ ನಮ್ಮ ಸಲಹೆ ಇದೇ.

ಪ್ಯಾಚಿನಿಂದ ಪ್ಯಾಚಿಗೆ ಹೋಗುವಾಗ ಸದ್ದು ಏರುಪೇರು. ಸೋಲೋ ಬಂದಾಗಲೇ ಗಿಟಾರ್ ಕೇಳಿಸುವುದಿಲ್ಲ. ಗೇನ್ ಹೆಚ್ಚಿಸಿದರೂ ಅಷ್ಟೇ. – ಓದುಗರು, ಥಾಣೆ

ಗೇನ್ ಹೆಚ್ಚಿಸಿದ್ದೇ ತಪ್ಪು. ಈಗಾಗಲೇ ಒಡೆದ ಸದ್ದಿಗೆ ಇನ್ನಷ್ಟು ಗೇನ್ ಕೊಟ್ಟರೆ ಅದು ದೊಡ್ಡದಾಗುವುದಿಲ್ಲ, ಇನ್ನಷ್ಟು ಚಪ್ಪಟೆಯಾಗುತ್ತದೆ. ಸೋಲೋಗೆ ಬೇಕಾದ ಎತ್ತರವನ್ನು ಆಂಪ್–ಕ್ಯಾಬ್ ದಾಟಿದ ಮೇಲೆ ಕೊಡಬೇಕು: ಅಲ್ಲೊಂದು ಈಕ್ಯೂ ಅಥವಾ ವಾಲ್ಯೂಮ್ ಬ್ಲಾಕ್ ಇಟ್ಟು 3ರಿಂದ 4 ಡೆಸಿಬೆಲ್ ಏರಿಸಿ, 1 ಕಿಲೋಹರ್ಟ್ಸಿನ ಆಸುಪಾಸು ತುಸು ಎತ್ತಿ, ಒಂದು ಕಾಲ್ಗುಂಡಿಗೆ ಕಟ್ಟಿಬಿಡಿ.

ಪ್ಯಾಚುಗಳನ್ನು ಸಮಮಾಡುವಾಗ ಆಂಪ್ ಬ್ಲಾಕಿನ 'ಮಾಸ್ಟರ್' ಮುಟ್ಟಬೇಡಿ, ಹಲವು ಮಾದರಿಗಳಲ್ಲಿ ಅದು ನಾದದ ಗುಣವನ್ನೇ ಬದಲಿಸುತ್ತದೆ. ಪ್ಯಾಚ್ ಲೆವೆಲ್ ಅಥವಾ ಚಾನೆಲ್ ವಾಲ್ಯೂಮ್ ಇರುವುದು ಇದಕ್ಕೇ. ಮೀಟರನ್ನು ಪೂರ್ತಿ ನಂಬಲೂಬೇಡಿ. ಕ್ಲೀನ್ ಸದ್ದಿನಲ್ಲಿ ಮೀಟಿದ ಕ್ಷಣದ ಪೆಟ್ಟು ಎತ್ತರಕ್ಕೆ ನೆಗೆದು ತಕ್ಷಣ ಇಳಿಯುತ್ತದೆ, ಡಿಸ್ಟಾರ್ಷನ್ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಮುಳ್ಳು ಒಂದೇ ಕಡೆ ತೋರಿಸಿದರೂ ಕಿವಿಗೆ ಎರಡನೆಯದೇ ದೊಡ್ಡದು. ಸಭೆಯಷ್ಟೇ ಸದ್ದಿನಲ್ಲಿ, ತಂಡ ನುಡಿಸುತ್ತಿರುವಾಗ, ಕಿವಿಯಿಂದಲೇ ಹೊಂದಿಸಿ. ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಇದನ್ನು ಹಿಂದಿನ ದಿನದ ತಾಲೀಮಿನಲ್ಲೇ ಮುಗಿಸಿಕೊಳ್ಳುವುದು ಜಾಣತನ.

ಹಾಡಿನ ಲಯಕ್ಕೆ ಡಿಲೇ ಹೊಂದಿಸುವುದು ಹೇಗೆ? – ಓದುಗರು, ಮಾಟುಂಗಾ

60,000ವನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟು ಎಂಬ ವೇಗದಿಂದ) ಭಾಗಿಸಿದರೆ ಒಂದು ಬೀಟಿಗೆ ಎಷ್ಟು ಮಿಲಿಸೆಕೆಂಡು ಎಂಬುದು ಸಿಗುತ್ತದೆ. ವೇಗ 100 ಇದ್ದರೆ 600. ಮೀಟಿದ ಸ್ವರಗಳ ಸಂದಿಯಲ್ಲಿ ಕುಣಿಯುವ ಡಾಟೆಡ್ ಎಯ್ತ್ ಬೇಕೆಂದರೆ ಅದರ ಮುಕ್ಕಾಲು, 450. ಕ್ಲಿಕ್ ಟ್ರ್ಯಾಕ್ (ಕಿವಿಗೆ ಲಯ ಕೊಡುವ ಟಿಕ್ ಟಿಕ್) ಇಲ್ಲದೆ ನುಡಿಸುವ ತಂಡವಾದರೆ ಲೆಕ್ಕ ಬಿಟ್ಟು ಟ್ಯಾಪ್ ಗುಂಡಿಯನ್ನೇ ಹಾಡಿನ ಲಯಕ್ಕೆ ತುಳಿಯಿರಿ. ತಬಲಾದವರು ನಿಮ್ಮ ಮಿಲಿಸೆಕೆಂಡಿಗೆ ಕಾಯುವುದಿಲ್ಲ.

ಮಳೆಗಾಲದಲ್ಲಿ ಎಕ್ಸ್‌ಪ್ರೆಷನ್ ಪೆಡಲ್ (ಕಾಲಿನಿಂದ ವಾಲ್ಯೂಮ್ ಮುಂತಾದುವನ್ನು ಏರಿಳಿಸುವ ಹಲಗೆ) ತುಳಿದರೆ ಚರಚರ ಸದ್ದು, ವಾಲ್ಯೂಮ್ ನೆಗೆಯುತ್ತದೆ. ಕಡಲ ಹತ್ತಿರದ ಹೋಟೆಲಿನಲ್ಲಿ ವಾರಕ್ಕೆ ನಾಲ್ಕು ದಿನ ನುಡಿಸುತ್ತೇನೆ. – ಓದುಗರು, ಮಡಗಾಂವ್

ಉಪ್ಪುಗಾಳಿ ಮತ್ತು ತೇವ ಸೇರಿ ಪೆಡಲಿನ ಕೆಳಗಿರುವ ಪೊಟೆನ್ಷಿಯೋಮೀಟರಿನೊಳಗೆ (ತಿರುಗಿದಂತೆ ಮಟ್ಟ ಬದಲಿಸುವ ಬಿಡಿಭಾಗದೊಳಗೆ) ಕಿಲುಬು ಕಟ್ಟಿದೆ. ಮೊದಲು ಖರ್ಚಿಲ್ಲದ ಉಪಾಯ: ಸಿಸ್ಟಂ ಮೆನುವಿನಲ್ಲಿ ಪೆಡಲ್ ಕ್ಯಾಲಿಬ್ರೇಷನ್ ಮಾಡಿ, ಹಿಮ್ಮಡಿ ಪೂರ್ತಿ ಕೆಳಗೆ, ಆಮೇಲೆ ಮುಂಗಾಲು ಪೂರ್ತಿ ಕೆಳಗೆ. ನೆಗೆತ ನಿಂತರೂ ನಿಲ್ಲಬಹುದು. ಚರಚರ ಉಳಿದರೆ ಕರೆಂಟು ತೆಗೆದು, ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರನ್ನು ಪೊಟೆನ್ಷಿಯೋಮೀಟರಿನ ಕಾಲುಗಳ ಬಳಿಯ ಸಂದಿಗೆ ಒಂದೇ ಒಂದು ಚಿಮ್ಮು ಹೊಡೆಯಿರಿ. ಪೆಡಲನ್ನು ಮೂವತ್ತು ಸಲ ಮೇಲೆ ಕೆಳಗೆ ಆಡಿಸಿ. ಅರ್ಧ ಗಂಟೆ ಒಣಗಲು ಬಿಡಿ. ಬೈಕಿನ ಚೈನಿಗೆ ಹೊಡೆಯುವ ತುಕ್ಕು ಬಿಡಿಸುವ ಎಣ್ಣೆ ಇದಕ್ಕಾಗದು. ಅಂಟು ಉಳಿದು ಧೂಳು ಕೂರುತ್ತದೆ.

ಹವಾನಿಯಂತ್ರಿತ ಸಭಾಂಗಣದಿಂದ ಹೊರಗಿನ ಸೆಕೆಗೆ ಬಂದ ತಣ್ಣನೆಯ ಯಂತ್ರದ ಮೇಲೆ ನೀರು ಬೆವರುತ್ತದೆ, ಫ್ರಿಜ್ಜಿನಿಂದ ತೆಗೆದ ಬಾಟಲಿಯಂತೆ. ಬ್ಯಾಗಿನ ಜಿಪ್ ತೆಗೆಯದೆ ಅರ್ಧ ಗಂಟೆ ಬಿಟ್ಟು ಆಮೇಲೆ ಆನ್ ಮಾಡಿ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಬಣ್ಣ ಬದಲಿಸುವ ಬಗೆಯದಾದರೆ ಯಾವಾಗ ಒಣಗಿಸಬೇಕೆಂದು ಅದೇ ಹೇಳುತ್ತದೆ. ಒದ್ದೆ ಕೇಬಲುಗಳನ್ನು ಮಾತ್ರ ಅದೇ ಬ್ಯಾಗಿಗೆ ತುರುಕಬೇಡಿ.

ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಲು ಹೊರಟರೆ ಕಂಪ್ಯೂಟರಿಗೆ ಪ್ರೊಸೆಸರ್ ಕಾಣುವುದೇ ಇಲ್ಲ. – ಓದುಗರು, ವಾಸ್ಕೋ

ಕೇಬಲ್ ಬದಲಿಸಿ. ಕೆಲವು ಯುಎಸ್‌ಬಿ ಕೇಬಲುಗಳಲ್ಲಿ ಚಾರ್ಜಿಂಗಿನ ತಂತಿ ಮಾತ್ರ ಇರುತ್ತದೆ, ಮಾಹಿತಿ ಸಾಗುವ ತಂತಿಯೇ ಇರುವುದಿಲ್ಲ. ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿ. ವಿಂಡೋಸ್ ಆದರೆ ತಯಾರಕರ ಡ್ರೈವರ್ ಮೊದಲೇ ಹಾಕಿರಬೇಕು. ಅಪ್‌ಡೇಟಿಗೆ ಮುಂಚೆ ಎಲ್ಲ ಪ್ಯಾಚುಗಳನ್ನೂ ಕಂಪ್ಯೂಟರಿಗೆ ಉಳಿಸಿಕೊಳ್ಳಿ, ಕೆಲವು ಅಪ್‌ಡೇಟುಗಳು ಎಲ್ಲವನ್ನೂ ಕಾರ್ಖಾನೆಯ ಸ್ಥಿತಿಗೆ ತಂದುಬಿಡುತ್ತವೆ. ಬ್ಯಾಟರಿಯ ಮೇಲೆ ಈ ಕೆಲಸ ಬೇಡ. ಅಡಾಪ್ಟರಿನ ಮೇಲೆ, ಸಾಧ್ಯವಿದ್ದರೆ ಇನ್ವರ್ಟರ್ ಇರುವ ಪ್ಲಗ್ಗಿನಲ್ಲಿ ಮಾಡಿ. ಗುಡುಗು ಮಿಂಚಿನ ಸಂಜೆಯಾದರೆ ನಾಳೆಗಿಡಿ.